ಯಾರದೂ ಅಲ್ಲದ ತಿಂಗಳು

೧೭ ಆಗಸ್ಟ್ ೧೯೯೩, ಮಂಗಳವಾರ

ಇವತ್ತು ಅಮಾವಾಸ್ಯೆ. ಅವ್ವ ಬಂದಳು. ಬಂದಳು ಅನ್ನುವುದಕ್ಕಿಂತ ತಂದು ಇಳಿಸಿದರು ಅನ್ನುವುದೇ ಸರಿ. ಬಳಗಾನೂರಿನಿಂದ ನಡುವಿನ ಅಣ್ಣ ಪಂಪಣ್ಣ ಕರೆದುಕೊಂಡು ಬಂದ. ಅವಳ ಬಟ್ಟೆಯ ಗಂಟನ್ನು ಗೋಡೆಗೆ ಒತ್ತಿ ಇಟ್ಟ, ಅರ್ಧ ಕಪ್ ಚಹಾ ಕುಡಿದ, ಗದ್ದೆಯಲ್ಲಿ ನಾಟಿಗೆ ಆಳುಗಳು ನಿಂತಿದ್ದಾರೆ ಎಂದು ಹೇಳಿ ಮತ್ತೆ ಬಸ್‌ಸ್ಟ್ಯಾಂಡಿಗೆ ನಡೆದ. ನಾನು ಸಿಂಧನೂರಿನ ಈ ಬಾಡಿಗೆ ಮನೆಗೆ ಬಂದು ಆರು ವರ್ಷವಾಯಿತು. ಅವ್ವ ಒಂದು ದಿನವೂ ಇಲ್ಲಿ ಉಳಿದವಳಲ್ಲ. ಮಗಳ ಮನೆಯಲ್ಲಿ ಉಂಡರೆ ಗಂಡುಮಕ್ಕಳಿಗೆ ಅವಮಾನ ಎಂದು ಅವಳ ಲೆಕ್ಕ.

ಈಗ ಬಂದದ್ದಕ್ಕೂ ಒಂದು ಲೆಕ್ಕವೇ ಕಾರಣ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಊರ ಹಿರಿಯ ಮುದುಕಪ್ಪನನ್ನು ಕೂರಿಸಿಕೊಂಡು ಅವ್ವನ ಪಾಳಿ ಮಾಡಿಕೊಂಡರು. ಚೈತ್ರ ಪಾಮನಕಲ್ಲೂರಿನ ದೊಡ್ಡಣ್ಣ ಗ್ಯಾನಪ್ಪನಿಗೆ, ವೈಶಾಖ ಪಂಪಣ್ಣನಿಗೆ, ಜ್ಯೇಷ್ಠ ಮಸ್ಕಿಯಲ್ಲಿರುವ ತಮ್ಮ ವೆಂಕೋಬನಿಗೆ, ಆಷಾಢ ಮತ್ತೆ ದೊಡ್ಡಣ್ಣನಿಗೆ. ಹೀಗೆ ಗಾಣದೆತ್ತಿನ ಸುತ್ತು. ಅಮಾವಾಸ್ಯೆಯ ದಿನ ಒಂದು ಮನೆಯಲ್ಲಿ ಉಂಡು, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಮನೆ ಸೇರಬೇಕು. ಹನ್ನೆರಡು ತಿಂಗಳು ಮೂವರಿಗೆ ಸರಿಯಾಗಿ ಭಾಗವಾಗುತ್ತದೆ. ಆದರೆ ಈ ವರ್ಷ ಅಧಿಕ ಮಾಸ ಬಂದು ಎರಡು ಭಾದ್ರಪದ ಆಗಿವೆ. ನನ್ನ ಶ್ರಾವಣ ಮುಗಿಯಿತು ಎಂದ ಪಂಪಣ್ಣ. ನನ್ನದು ನಿಜ ಭಾದ್ರಪದ, ಅಧಿಕದ್ದಲ್ಲ ಎಂದ ವೆಂಕೋಬ. ಒಂದು ತಿಂಗಳು ಮುಂದೆ ಸರಿದರೆ ಯಾವ ಹಬ್ಬ ಯಾರ ಪಾಳಿಗೆ ಎಂಬುದೆಲ್ಲ ಬದಲಾಗುತ್ತದೆ ಎಂದ ದೊಡ್ಡಣ್ಣ. ಕೊನೆಗೆ ಮೂವರೂ ಎಷ್ಟೋ ವರ್ಷಕ್ಕೆ ಒಂದು ಮಾತಿಗೆ ಒಪ್ಪಿದ್ದಾರೆ: ಈ ತಿಂಗಳು ಗಿರಿಯವ್ವನ ಹತ್ತಿರ, ಅಂದರೆ ನನ್ನ ಹತ್ತಿರ, ಇರಲಿ. ಮಗಳ ಮನೆ ಲೆಕ್ಕಕ್ಕಿಲ್ಲ, ಹಾಗಾಗಿ ಯಾರ ಪಾಳಿಯೂ ಕೆಡುವುದಿಲ್ಲ.

ನಗು ಬರಬೇಕಿತ್ತು, ಸಿಟ್ಟು ಬಂತು. ಎರಡು ವರ್ಷದಿಂದ ನಾನು ಮಾಡುತ್ತಿರುವ ಸಂಶೋಧನೆಯೇ ಇದು: ಹಳ್ಳಿಯ ಮನೆಗಳಲ್ಲಿ ಮುಪ್ಪಿನವರನ್ನು ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಸರ್ಕಾರ ಏನು ಮಾಡಬೇಕು. ಲಿಂಗಸುಗೂರಿನಿಂದ ಸಾಲಗುಂದದವರೆಗೆ ಊರೂರು ತಿರುಗಿದ್ದೇನೆ. ವರದಿಯ ನಾಲ್ಕನೆಯ ಅಧ್ಯಾಯದಲ್ಲಿ ಈ ಪಾಳಿ ಪದ್ಧತಿಯನ್ನೇ ಹೊಗಳಿದ್ದೇನೆ. ‘ನಮ್ಮ ಜನ ತಾವೇ ಕಂಡುಕೊಂಡ ನ್ಯಾಯವಾದ ಹಂಚಿಕೆ’ ಎಂಬ ಮಾತು ನಮ್ಮ ಪ್ರೊಫೆಸರಿಗೆ ಬಹಳ ಹಿಡಿಸಿತ್ತು. ಬರುವ ತಿಂಗಳು ಹದಿಮೂರಕ್ಕೆ ಬೆಂಗಳೂರಿನಲ್ಲಿ ಸರ್ಕಾರದ ಸಮಿತಿಯ ಮುಂದೆ ಅದನ್ನು ಓದಬೇಕು. ಓದಿದರೆ ವಿಶ್ವವಿದ್ಯಾಲಯದ ರೀಡರ್ ಹುದ್ದೆ ಕೈಗೆ ಬಂದ ಹಾಗೇ ಎಂದು ಅವರು ಹೇಳಿದ್ದಾರೆ. ವರದಿ ಮುಗಿಸಲೆಂದು ಕಾಲೇಜಿಗೆ ಒಂದು ತಿಂಗಳ ರಜೆ ಹಾಕಿದೆ. ಆ ತಿಂಗಳೇ ಅವ್ವ ಬಂದಿದ್ದಾಳೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

೧೯ ಆಗಸ್ಟ್, ಗುರುವಾರ

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು, ನೆರಳು, ಮನುಷ್ಯರ ಆಕಾರ ಅಷ್ಟೇ ಗೊತ್ತಾಗುತ್ತವೆ. ಗೋಡೆ ಹಿಡಿದು ನಡೆಯುತ್ತಾಳೆ. ಬಚ್ಚಲು ಹಿತ್ತಲಿನಲ್ಲಿದೆ, ಪ್ರತಿ ಸಲ ನಾನು ಕೈ ಹಿಡಿದು ಕರೆದೊಯ್ಯಬೇಕು.

ಗಂಟನ್ನು ತಲೆಯ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಹಳೆ ಕೌದಿಯ ತುಂಡಿನಲ್ಲಿ ಎರಡು ಸೀರೆ, ಎರಡು ಕುಪ್ಪಸ, ಬಾಚಣಿಗೆ, ಎಲೆ ಅಡಿಕೆಯ ಚೀಲ. ಬೆಳಿಗ್ಗೆ ಬಿಚ್ಚಿ ಒಂದು ಸೀರೆ ತೆಗೆಯುತ್ತಾಳೆ, ತಕ್ಷಣ ಮತ್ತೆ ಕಟ್ಟುತ್ತಾಳೆ. ಕಪಾಟಿನಲ್ಲಿ ನನ್ನ ಫೈಲುಗಳನ್ನು ಸರಿಸಿ ಒಂದು ಅರೆ ಖಾಲಿ ಮಾಡಿಕೊಟ್ಟೆ. ಇರಲಿ ಬಿಡು, ಬಿಚ್ಚಿದರೆ ಮತ್ತೆ ಕಟ್ಟಬೇಕಾಗುತ್ತದೆ ಎಂದಳು. ನಾನು ಫೈಲುಗಳನ್ನು ತಿರುಗಿ ಅಲ್ಲೇ ಜೋಡಿಸಿದೆ. ಸ್ವಲ್ಪ ಜೋರಾಗಿಯೇ ಜೋಡಿಸಿದೆ.

ಸಂಜೆ ಕೇಳಿದಳು, ಚಂದ್ರ ಕಂಡಾನೇನು, ಎಷ್ಟಾಗ್ಯಾನ ಎಂದು. ಹೊರಗೆ ಹೋಗಿ ನೋಡಿ ಬಂದು, ಉಗುರಿನಷ್ಟು ಎಂದೆ. ಸಮಾಧಾನದಿಂದ ತಲೆಯಾಡಿಸಿದಳು. ಮುಂದಿನ ಅಮಾವಾಸ್ಯೆಯ ಲೆಕ್ಕ ಇರಬೇಕು. ಎರಡೇ ದಿನಕ್ಕೆ ನನ್ನ ಮನೆ ಸಾಕಾಗಿದೆ.

೨೨ ಆಗಸ್ಟ್, ಭಾನುವಾರ

ಮನೆಯಲ್ಲೇ ಇದ್ದಾಳೆ, ಪಾಳಿಯಲ್ಲಿ ಇದ್ದಾಳೆ, ಇನ್ನೊಬ್ಬರು ಸಿಕ್ಕ ಹಾಗಾಯಿತು ಎಂದು ನನ್ನ ಪ್ರಶ್ನಾವಳಿಯನ್ನು ಅವ್ವನ ಮುಂದೆಯೇ ಹಿಡಿದೆ. ಸಂಶೋಧಕಿಗೆ ನಾಚಿಕೆ ಇರಬಾರದು.

ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ? ಮಕ್ಕಳು. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ? ಸಿಗುತ್ತದೆ. ಯಾವುದಾದರೂ ತೊಂದರೆ? ಎಲ್ಲರೂ ಚಲೋ ನೋಡುತ್ತಾರೆ. ಊರೂರಲ್ಲಿ ಕೇಳಿದ ಉತ್ತರಗಳೇ, ಅದೇ ಅನುಕ್ರಮದಲ್ಲಿ, ಅದೇ ಧ್ವನಿಯಲ್ಲಿ ಬಂದವು. ಉತ್ತರಗಳು ಹೀಗೆ ಒಂದಕ್ಕೊಂದು ತಾಳೆಯಾದರೆ ಸಮೀಕ್ಷೆ ಗಟ್ಟಿಯಾಗಿದೆ ಎಂದು ಅರ್ಥ. ‘ತೃಪ್ತಿಕರ’ ಎಂದು ಗುರುತು ಹಾಕಿದೆ.

ಈಗ ನೋಡಿಕೊಳ್ಳುತ್ತಿರುವವರು ಯಾರು ಎಂಬ ಕಾಲಮಿನ ಮನೆಯಲ್ಲಿ ಮಾತ್ರ ಪೆನ್ನು ನಿಂತಿತು. ಮಗ, ಸೊಸೆ, ಮೊಮ್ಮಕ್ಕಳು, ಇತರೆ ಎಂದು ಬರೆದುಕೊಂಡಿದ್ದೇನೆ. ಮಗಳು ಇಲ್ಲ. ಪ್ರಶ್ನಾವಳಿ ಮಾಡಿದವಳು ನಾನೇ. ‘ಇತರೆ’ಗೆ ಗುರುತು ಹಾಕಿ ಎದ್ದೆ.

೨೭ ಆಗಸ್ಟ್, ಶುಕ್ರವಾರ

ಈ ವಾರ ಎರಡು ಪುಟವೂ ಆಗಿಲ್ಲ. ಕುಳಿತ ಕೂಡಲೇ ಕರೆಯುತ್ತಾಳೆ. ಇಲ್ಲವೇ ಕರೆಯದೆ ಗೋಡೆ ಸವರುತ್ತ ಹೊರಡುತ್ತಾಳೆ, ಆ ಸದ್ದಿಗೆ ಪೆನ್ನು ಕೆಳಗಿಡುತ್ತೇನೆ. ಎದ್ದು ಹೋಗಿ ಬಂದರೆ ವಾಕ್ಯ ಓಡಿಹೋಗಿರುತ್ತದೆ.

ಇವತ್ತು ಮಧ್ಯಾಹ್ನ ಬಚ್ಚಲಿಗೆ ಕರೆದಳು. ತಡಿ ಎಂದೆ. ಮತ್ತೆ ಕರೆದಳು, ಮತ್ತೆ ತಡಿ ಎಂದೆ. ಆಮೇಲೆ ತಾನೇ ಎದ್ದು ಹೋಗಿ ಹಿತ್ತಲ ಹೊಸ್ತಿಲಿಗೆ ಎಡವಿ ಬಿದ್ದಳು. ಮೊಣಕಾಲು ತರಚಿದೆ, ಪುಣ್ಯಕ್ಕೆ ಮುರಿದಿಲ್ಲ. ನಾನು ಓಡಿಹೋಗಿ ಮೊದಲು ಮಾಡಿದ್ದು ಅವಳನ್ನು ಬೈದದ್ದು. ನಿನ್ನ ಕೆಲಸ ಕೆಡುತ್ತದೆ ಅಂತ ಬಂದೆ ಎಂದಳು. ಸೀರೆ ಒದ್ದೆಯಾಗಿತ್ತು. ಒಗೆದು ಹಾಕುವಾಗ ಪಕ್ಕದ ಮನೆಯ ಶೇಖರಮ್ಮ ಗೋಡೆಯಾಚೆಯಿಂದ ನೋಡುತ್ತಿದ್ದಳು. ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ತಿರುಗಿ ಬಂದು ನೋಡಿದರೆ ನಾನು ಬರೆಯುತ್ತಿದ್ದ ವಾಕ್ಯ ‘ವೃದ್ಧರಿಗೆ ಸಕಾಲದಲ್ಲಿ ನೆರವು’ ಎಂದು ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸುವ ಮನಸ್ಸಾಗಲಿಲ್ಲ.

೩೧ ಆಗಸ್ಟ್, ಮಂಗಳವಾರ

ಹುಣ್ಣಿಮೆ. ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದೆ. ಚಂದ್ರನ ಕಡೆಗೆ ಮುಖ ಎತ್ತಿ ಬಿಳಿ ಕಾಣುತ್ತದೆ ಎಂದಳು. ಹಾಗೆಯೇ ಮಾತು ಬಂತು. ಅಪ್ಪ ಕುರಿ ಹಿಂಡು ಹೊಡೆದುಕೊಂಡು ಮಸ್ಕಿ ಗುಡ್ಡದಾಚೆ ಹೋದರೆ ಹುಣ್ಣಿಮೆಗೆ ಹೋದವನು ಹುಣ್ಣಿಮೆಗೇ ಬರುತ್ತಿದ್ದನಂತೆ. ಚಂದ್ರನನ್ನು ನೋಡಿಯೇ ಅವ್ವ ಅವನ ದಾರಿ ಕಾಯುತ್ತಿದ್ದಳಂತೆ. ನಾನು ಹುಟ್ಟಿದಾಗ ಅವನು ಇರಲಿಲ್ಲ, ಬಂದವನು ಕಂಬಳಿಯಲ್ಲಿ ನನ್ನನ್ನು ಸುತ್ತಿಕೊಂಡು ಊರೆಲ್ಲ ತೋರಿಸಿ ಬಂದನಂತೆ. ನಲವತ್ತೆರಡು ವರ್ಷಕ್ಕೆ ಮೊದಲ ಸಲ ಕೇಳಿದೆ.

ಎರಡು ರೊಟ್ಟಿ ಉಂಡಳು. ಪುಂಡಿಪಲ್ಯ ಮತ್ತೊಂದಿಷ್ಟು ಹಾಕು ಎಂದಳು. ಬರೆಯುವುದು ಆಗಲಿಲ್ಲ, ನಾಳೆ ನೋಡಬೇಕು.

೫ ಸೆಪ್ಟೆಂಬರ್, ಭಾನುವಾರ

ಹುಣ್ಣಿಮೆ ಕಳೆದದ್ದೇ ಅವ್ವ ಸೊರಗುತ್ತಿದ್ದಾಳೆ. ತಟ್ಟೆಯೇನೋ ಖಾಲಿ ಆಗುತ್ತದೆ, ಮೈ ಮಾತ್ರ ಇಳಿಯುತ್ತಿದೆ. ಕೈ ಹಿಡಿದರೆ ಮೂಳೆಯೇ ಸಿಗುತ್ತದೆ. ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎದೆ, ಹೊಟ್ಟೆ ಎಲ್ಲ ನೋಡಿ, ಏನೂ ಇಲ್ಲ, ವಯಸ್ಸು ಎಂದು ಟಾನಿಕ್ ಬರೆದುಕೊಟ್ಟರು. ಬರುವಾಗ ರಿಕ್ಷಾದಲ್ಲಿ ಮತ್ತೆ ಕೇಳಿದಳು, ಚಂದ್ರ ಎಷ್ಟು ಸವೆದಾನ ಎಂದು. ಹಗಲು ಹೊತ್ತಿನಲ್ಲಿ ಹೇಗೆ ಹೇಳಲಿ ಎಂದು ಗದರಿದೆ.

ಪ್ರೊಫೆಸರರ ಪತ್ರ ಬಂದಿದೆ. ಹನ್ನೆರಡಕ್ಕೆ ಬೆಂಗಳೂರಿನಲ್ಲಿ ಇರಬೇಕು. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂಬ ಮಾತಿಗೆ ಅಡಿಗೆರೆ ಎಳೆದಿದ್ದಾರೆ. ಮೂರು ದಿನ ಅವ್ವನನ್ನು ಶೇಖರಮ್ಮನ ಹತ್ತಿರ ಬಿಟ್ಟು ಹೋಗಬಹುದು. ಆಕೆ ಒಪ್ಪಿದ್ದಾಳೆ.

೯ ಸೆಪ್ಟೆಂಬರ್, ಗುರುವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಶೇಖರಮ್ಮ ಬಂದಳು. ಹೇಳಲೋ ಬೇಡವೋ ಎಂದು ಸೆರಗು ತಿರುವುತ್ತ ನಿಂತು ಕೊನೆಗೆ ಹೇಳಿದಳು. ನಾನು ಊಟಕ್ಕೆ ಹಾಕಿಕೊಟ್ಟು ಕೋಣೆಗೆ ಹೋದ ಮೇಲೆ ಅವ್ವ ಗೋಡೆ ಹಿಡಿದು ಹಿತ್ತಲಿಗೆ ಬರುತ್ತಾಳಂತೆ. ತಟ್ಟೆಯ ರೊಟ್ಟಿಯನ್ನು ಗಿಡ್ಡ ಗೋಡೆಯ ಮೇಲಿಂದ ಅವರ ಎಮ್ಮೆಗೆ ಹಾಕುತ್ತಾಳಂತೆ. ಎಮ್ಮೆ ಆ ಹೊತ್ತಿಗೆ ಬಂದು ನಿಲ್ಲುವುದನ್ನು ಕಲಿತಿದೆಯಂತೆ.

ನಾನು ಅವ್ವನ ಮುಂದೆ ಕುಳಿತು ಯಾಕೆ ಎಂದು ಕೇಳಿದೆ. ಮೊದಲು ಹಸಿವಿಲ್ಲ ಎಂದಳು, ಆಮೇಲೆ ಹಲ್ಲಿಲ್ಲ ಎಂದಳು. ನಾನು ಬಿಡಲಿಲ್ಲ. ಅವಳು ಗಂಟಿನ ಮೇಲೆ ಕೈ ಇಟ್ಟುಕೊಂಡು, ಅಮಾಸಿ ಎಷ್ಟು ದಿನ ಅದ ಎಂದು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ವಾರ ಅದ. ಅಷ್ಟ್ಯಾಕ ಅವಸರ ನಿನಗ, ಗಂಡಮಕ್ಳ ಮನಿಗೆ ಹೋಗಾಕ?”

“ಹೋಗಾಕ ಅಲ್ಲಬೇ,” ಎಂದಳು. “ಯಾರ ಪಾಳಿಯೊಳಗ ಜೀವ ಹೋಗ್ತದ, ಮಣ್ಣು ಅವರೇ ಮಾಡಬೇಕು, ದಿನದ ಕಾರ್ಯಾನೂ ಅವರೇ ಮಾಡಬೇಕು. ಮುದುಕಪ್ಪನ ಮುಂದ ಹಂಗ ಮಾತಾಗ್ಯಾದ. ಅಮಾಸಿ ಹತ್ರ ಬಂತಂದ್ರ ಸೊಸ್ತೇರು ನನ್ನ ಮಾರಿ ನೋಡ್ತಾರ. ಎರಡು ಸಲ ಕೆಮ್ಮಿದ್ರ ಸಾಕು, ಗಂಟು ಬಾಗಿಲಿಗೆ ಬರ್ತದ. ಅವರನ್ನ ಬೈಯಾಕ ಬರೂದಿಲ್ಲ, ಅವರೂ ದುಡಕೊಂಡು ತಿನ್ನೋರು. ಈ ತಿಂಗಳು ಯಾರದೂ ಅಲ್ಲ. ಇದರಾಗ ಹೋದ್ರ ಯಾರಿಗೂ ಭಾರ ಆಗೂದಿಲ್ಲ.”

ಚಂದ್ರ ಎಷ್ಟಾದ, ಎಷ್ಟು ಸವೆದ ಎಂದು ದಿನಾ ಕೇಳುತ್ತಿದ್ದದ್ದು ಇದಕ್ಕೆ. ನಾನು ಹೊರಗೆ ಹೋಗಿ ನೋಡಿ ಬಂದು ಹೇಳುತ್ತಿದ್ದೆ.

“ಯಾರದೂ ಅಲ್ಲಂದ್ರ?” ಎಂದೆ. “ಇದು ನನ್ನ ಮನಿ ಅಲ್ಲೇನು? ನಾ ಯಾರೂ ಅಲ್ಲೇನು ನಿನಗ?”

ಅವ್ವ ಕೈ ಚಾಚಿ ನನ್ನ ಮುಖ ಹುಡುಕಿದಳು. “ನೀ ಮಗಳಬೇ. ಮಗಳ ಮ್ಯಾಲ ಹ್ಯಾಂಗ ಭಾರ ಹಾಕ್ಲಿ?”

ನಾನು ಅತ್ತೆ. ಗಂಡ ಸತ್ತಾಗ ಹದಿನೇಳು ವರ್ಷದವಳು ಅತ್ತಿದ್ದೆ, ಅಪ್ಪ ಹೋದಾಗ ಅತ್ತಿದ್ದೆ, ಆದರೆ ಈ ಅಳು ಬೇರೆ. ಅದರಲ್ಲಿ ಸಿಟ್ಟೇ ಹೆಚ್ಚಿತ್ತು. ಆಮೇಲೆ ಅಂಬಲಿ ಕಾಸಿ ತಂದು, ನೀನು ಕುಡಿಯದಿದ್ದರೆ ನಾನೂ ಏನೂ ಮುಟ್ಟುವುದಿಲ್ಲ ಎಂದು ಎದುರಿಗೆ ಕುಳಿತೆ. ಹಠದಲ್ಲಿ ನಾನು ಅವಳದೇ ಮಗಳು. ಮಧ್ಯಾಹ್ನ ದಾಟಿದ ಮೇಲೆ ಕುಡಿದಳು.

೧೦ ಸೆಪ್ಟೆಂಬರ್, ಶುಕ್ರವಾರ

ಒಂದು ರೊಟ್ಟಿ ಉಂಡಳು. ಎದುರಿಗೇ ಕುಳಿತಿದ್ದೆ. ಗೋಡೆಯಾಚೆ ಎಮ್ಮೆ ಕಾದು ಕಾದು ಹೋಯಿತು.

೧೩ ಸೆಪ್ಟೆಂಬರ್, ಸೋಮವಾರ

ಬೆಂಗಳೂರಿನಲ್ಲಿ ಈ ಹೊತ್ತಿಗೆ ಸಮಿತಿ ಕೂತಿರುತ್ತದೆ. ಹೋಗಲಾಗುವುದಿಲ್ಲ ಎಂದು ಮೊನ್ನೆ ತಂತಿ ಕೊಟ್ಟಿದ್ದೆ. ತಾಯಿಗೆ ಹುಷಾರಿಲ್ಲ ಎಂದು ಬರೆಸಿದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ನಾಲ್ಕನೆಯ ಅಧ್ಯಾಯ ತೆಗೆದು ಓದಿದೆ. ಪಾಳಿಯಲ್ಲಿರುವವರೆಲ್ಲ ತೃಪ್ತಿಯಿಂದ ಇದ್ದಾರೆ ಎಂದು ಬರೆದಿದ್ದೇನೆ. ನಾನು ಕೇಳುವಾಗ ಯಾವ ಮನೆಯಲ್ಲೂ ಸೊಸೆ ಬಾಗಿಲ ಮರೆಗೆ ನಿಂತಿರಲಿಲ್ಲವೇ? ನಿಂತಿದ್ದಳು. ನನಗೆ ಚಹಾ ತಂದುಕೊಟ್ಟವಳೂ ಅವಳೇ. ನೆಂಟರು ಮನೆಯವರ ಮುಂದೆ ಊಟ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಹೆತ್ತವರನ್ನು ಎಲ್ಲ ಮಕ್ಕಳ ಮನೆಯಲ್ಲೂ ನೆಂಟರನ್ನಾಗಿ ಮಾಡುವುದಕ್ಕೆ ನ್ಯಾಯವಾದ ಹಂಚಿಕೆ ಎಂದು ಹೆಸರಿಟ್ಟಿದ್ದೆ. ಆ ಮಾತನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ಇನ್ನೂ ತಿಳಿದಿಲ್ಲ.

೧೬ ಸೆಪ್ಟೆಂಬರ್, ಗುರುವಾರ

ಅಮಾವಾಸ್ಯೆ. ಬೆಳಿಗ್ಗೆ ಎದ್ದಾಗ ಅವ್ವ ಆಗಲೇ ಗಂಟು ಕಟ್ಟಿಕೊಂಡು ಹೊಸ್ತಿಲ ಹತ್ತಿರ ಕುಳಿತಿದ್ದಳು. ಜೀವ ಹೋಗಲಿಲ್ಲ ಎಂದು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದ್ದಳು. ಇಲ್ಲೇ ಇದ್ದುಬಿಡು ಎಂದೆ. ಮಂದಿ ನನ್ನ ಮಕ್ಕಳನ್ನು ಬೈಯುತ್ತಾರೆ ಎಂದಳು. ಮೂರು ಸಲ ಹೇಳಿದೆ, ಮೂರು ಸಲವೂ ಅದೇ ಉತ್ತರ.

ವೆಂಕೋಬ ಬಂದ. ಅವನು ಕೆಟ್ಟವನಲ್ಲ. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಅಂಗಡಿ ಇಟ್ಟುಕೊಂಡು ಒಂದೇ ಕೋಣೆಯಲ್ಲಿ ಐದು ಜನ ಇರುತ್ತಾರೆ. ಅವ್ವನಿಗೆ ಎಂದು ಬಾಳೆಹಣ್ಣು ತಂದಿದ್ದ. ಅವನಿಗೆ ಹೇಳಿದೆ: ನನಗೂ ಪಾಳಿ ಬೇಕು. ಅಧಿಕದ್ದಲ್ಲ, ಲೆಕ್ಕದ್ದು. ಅವನು ಗಾಬರಿಯಾದ. ನಾನೊಬ್ಬನೇ ಹೇಗೆ 'ಹೂಂ' ಅನ್ನಲಿ ಅಕ್ಕಾ, ದೊಡ್ಡಣ್ಣನನ್ನು ಕೇಳು ಎಂದ.

ಗಂಟು ಎತ್ತಿಕೊಟ್ಟವಳು ನಾನೇ. ಅದರ ತೂಕ ಇಷ್ಟೇ ಎಂದು ಗೊತ್ತಿರಲಿಲ್ಲ. ಮನೆ ಬಿಕೋ ಅನ್ನುತ್ತಿದೆ. ಇನ್ನಾದರೂ ವರದಿ ಬರೆಯಬಹುದು.

೨೬ ಸೆಪ್ಟೆಂಬರ್, ಭಾನುವಾರ

ಪಾಮನಕಲ್ಲೂರಿಗೆ ಹೋಗಿ ಬಂದೆ. ಇದನ್ನು ಕ್ಷೇತ್ರಕಾರ್ಯ ಎಂದೇ ಬರೆದುಕೊಳ್ಳುತ್ತೇನೆ. ಪಾಳಿಯ ಕರಾರು ಹೇಗೆ ಆಗುತ್ತದೆ ಎಂಬುದು ವರದಿಗೂ ಬೇಕು.

ದೊಡ್ಡಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಮುದುಕಪ್ಪ ಪಕ್ಕದಲ್ಲಿದ್ದ. ನನ್ನ ಮಾತು ಕೇಳಿ ಅಣ್ಣನ ಕೈ ನಿಂತಿತು. ಗಂಡ ಸತ್ತ ಮೇಲೆ ಅಪ್ಪ ನನ್ನನ್ನು ಲಿಂಗಸುಗೂರಿನ ಹೈಸ್ಕೂಲಿಗೆ ಹಾಕಿ, ಕುರಿ ಮಾರಿ ಓದಿಸಿದ. ನನ್ನ ಪಾಲು ನನ್ನ ಓದಿನಲ್ಲಿ ಹೋಯಿತು ಎಂದು ಅಣ್ಣ ಮೊದಲಿನಿಂದ ಹೇಳುತ್ತಾನೆ. ಇವತ್ತೂ ಅಲ್ಲಿಂದಲೇ ಶುರು ಮಾಡಿದ.

“ಇವತ್ತು ಪಾಳಿ ಕೇಳ್ತೀದಿ, ನಾಳಿ ಹೊಲದಾಗ ಪಾಲು ಕೇಳ್ತೀದಿ. ಹೆಣ್ಣಮಕ್ಳಿಗೂ ಪಾಲು ಕೊಡೂ ಕಾಯ್ದೆ ಬರ್ತದಂತಲ್ಲ.”

“ಹೊಲ ನೀವೇ ಇಟ್ಕೋರಿ ಅಣ್ಣ. ನನಗ ಅವ್ವನ ತಿಂಗಳು ಬೇಕು.”

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಹಾಗೆ ನೋಡುತ್ತಾರೆ.

“ಪಾಳಿ ಅಂದ್ರ ಬರೇ ರೊಟ್ಟಿ ಹಾಕೂದಲ್ಲಬೇ. ನಿನ್ನ ತಿಂಗಳದಾಗ ಏನರ ಆತಂದ್ರ ಮಣ್ಣು ನೀನೇ ಮಾಡಬೇಕು. ಮಾಡ್ತಿಯೇನು?”

ಮಾಡುತ್ತೇನೆ ಎಂದೆ. ಮುದುಕಪ್ಪ ನಕ್ಕ. ಹೆಣ್ಣುಮಗಳು, ಅದರಲ್ಲೂ ಗಂಡ ಇಲ್ಲದವಳು, ಆಡುವ ಮಾತಲ್ಲ ಎಂದ. ಅಣ್ಣ ನಗಲಿಲ್ಲ. ನಿಜ ಭಾದ್ರಪದ ವೆಂಕೋಬನದು, ಆಶ್ವೀಜ ತನ್ನದು, ಕಾರ್ತೀಕ ಪಂಪಣ್ಣನದು, ಮಾರ್ಗಶಿರ ನಿನ್ನದು, ಮುಂದೆ ಹೀಗೇ ನಾಲ್ವರ ಸುತ್ತು ಎಂದು ಹೇಳಿ ಮತ್ತೆ ಹಗ್ಗ ಹೊಸೆಯತೊಡಗಿದ.

ಸಂಜೆಯ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ಸಜ್ಜೆ ತೆನೆ ಹಿಡಿದಿದೆ.

೨೧ ನವೆಂಬರ್, ಭಾನುವಾರ

ಬಳಗಾನೂರು. ಹಳೆಯ ಮನೆಗಳಿಗೇ ಮತ್ತೆ ಹೋದೆ. ಈ ಸಲ ಒಂದೇ ಒಂದು ಹೊಸ ಪ್ರಶ್ನೆ: ನಿಮ್ಮ ಬಟ್ಟೆ ಗಂಟಿನಲ್ಲಿವೆಯೋ, ಗೂಟದ ಮೇಲಿವೆಯೋ? ಸೊಸೆಯರು ಎದುರಿಗೇ ಇದ್ದರೂ ಇದಕ್ಕೆ ಯಾರೂ ಅಂಜಲಿಲ್ಲ. ಒಬ್ಬ ಮುದುಕ ಇದೂ ಒಂದು ಪ್ರಶ್ನೆಯೇ ಎಂದು ನಕ್ಕು, ಮೂಲೆಯ ಗಂಟಿನ ಕಡೆ ಕೈ ತೋರಿಸಿದ. ಪಾಳಿಯಲ್ಲಿರುವವರ ಬಟ್ಟೆ ಬಹುಪಾಲು ಗಂಟಿನಲ್ಲೇ ಇವೆ. ಇದರಿಂದ ಏನು ಸಾಧಿಸಲು ಹೊರಟಿದ್ದೀರಿ ಎಂದು ಪ್ರೊಫೆಸರ್ ಕಾಗದ ಬರೆದಿದ್ದಾರೆ. ಭಾವುಕತೆಯಿಂದ ನೀತಿ ಆಗುವುದಿಲ್ಲವಂತೆ. ಇರಬಹುದು. ಹೆತ್ತವರು ಒಂದೇ ಕಡೆ ಇದ್ದು, ಮಿಕ್ಕ ಮಕ್ಕಳು ಅಲ್ಲಿಗೇ ಪಾಳಿಯ ಮೇಲೆ ಬಂದು ಹೋಗಲಿ, ಅಂಥ ಮನೆಗೆ ಸರ್ಕಾರ ನೆರವು ಕೊಡಲಿ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದೇನೆ. ಪ್ರಶ್ನಾವಳಿಯಲ್ಲಿ ಮಗಳು ಎಂಬ ಮನೆಯನ್ನೂ ಸೇರಿಸಿದ್ದೇನೆ.

ಪಂಪಣ್ಣನ ಮನೆಯಲ್ಲಿ ಅವ್ವ ಪಡಸಾಲೆಯ ತುದಿಗೆ ಕುಳಿತಿದ್ದಳು. ಕೈ ಹಿಡಿದಾಗ ಧ್ವನಿ ತಗ್ಗಿಸಿ, ಬರುವ ಅಮಾವಾಸ್ಯೆಗೆ ನಿನ್ನದಲ್ಲವೇ ಎಂದಳು. ಹೌದು ಎಂದೆ.

೧೩ ಡಿಸೆಂಬರ್, ಸೋಮವಾರ

ಪಂಪಣ್ಣ ಅವ್ವನನ್ನು ಕರೆತಂದ. ಈ ಸಲ ಊಟ ಮಾಡಿಕೊಂಡೇ ಹೋದ.

ದೀಪ ಹಚ್ಚಿದ ಮೇಲೆ ಅವ್ವ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಗಂಟಿನ ಬಿಗಿ ಬೆರಳಿಗೆ ಸಿಗುತ್ತಿರಲಿಲ್ಲ, ನಾನು ಬಿಚ್ಚಲು ಹೋದರೆ ಬೇಡ ಎಂದಳು. ತಾನೇ ಬಿಚ್ಚಿದಳು. ಆಮೇಲೆ ಸೀರೆಗಳನ್ನು ಎದೆಗೆ ಹಿಡಿದುಕೊಂಡು ಕೇಳಿದಳು.

“ನನ್ನ ಸೀರಿ ಎಲ್ಲಿ ಇಡ್ಲಿ?”

ಕಪಾಟಿನ ನಡುವಿನ ಅರೆಯನ್ನು ಕೈ ಹಿಡಿದು ತೋರಿಸಿದೆ. ಫೈಲುಗಳನ್ನು ಹೋದ ವಾರವೇ ಮಂಚದ ಕೆಳಗೆ ತಳ್ಳಿದ್ದೆ. ಕೌದಿಯ ತುಂಡನ್ನು ಒಗೆದು ಹಗ್ಗಕ್ಕೆ ಹಾಕಿದೆ.

೧೮ ಡಿಸೆಂಬರ್, ಶನಿವಾರ

ಅವ್ವನಿಗೆ ಎಣ್ಣೆ ಹಚ್ಚಿ ತಲೆಗೆ ಎರೆದೆ. ಬಿಸಿಲಿಗೆ ಕೂರಿಸಿ ಕೂದಲು ಒಣಗಿಸುವಾಗ ಶೇಖರಮ್ಮ ಹೊಸ ಕಡಲೆ ಗಿಡ ತಂದಳು. ಮೂವರೂ ಕೂತು ಸುಲಿದು ತಿಂದೆವು. ಅವ್ವ ಹಲ್ಲಿಲ್ಲದ ಬಾಯಲ್ಲಿ ಒಂದೊಂದನ್ನೇ ಚೀಪಿದಳು. ಎಮ್ಮೆ ಕೂಗಿದಾಗ, ಅದಕ್ಕೆ ನನ್ನ ಮೇಲೆ ಇನ್ನೂ ಸಿಟ್ಟಿದೆ ಎಂದು ನಕ್ಕಳು. ಕಡಲೆ ಸೊಪ್ಪಿನ ಪಲ್ಯ ಮಾಡಬೇಕು. ರೀಡರ್ ಹುದ್ದೆ ಬೇರೆಯವರಿಗೆ ಆಯಿತಂತೆ, ಕಾಗದ ಬಂದಿದೆ.

೩೧ ಡಿಸೆಂಬರ್, ಶುಕ್ರವಾರ

ಅವ್ವ ಹೋದಳು.

ಮಂಗಳವಾರ ಹುಣ್ಣಿಮೆ. ಸಂಜೆ ಎಂದಿನಂತೆ ಚಂದ್ರ ಎಷ್ಟಾದ ಎಂದು ಕೇಳಿದಳು. ತುಂಬಿದ್ದಾನೆ ಎಂದೆ. ಒಂದು ರೊಟ್ಟಿ, ಹಾಲು. ಬುಧವಾರ ಬೆಳಿಗ್ಗೆ ಚಹಾ ಹಿಡಿದು ಎಬ್ಬಿಸಿದರೆ ಏಳಲಿಲ್ಲ. ಉಣ್ಣದೆ ಹೋದದ್ದಲ್ಲ, ಅಷ್ಟು ನನಗೆ ಗೊತ್ತು.

ಟೆಂಪೋದಲ್ಲಿ ಪಾಮನಕಲ್ಲೂರಿಗೆ ಒಯ್ದೆವು. ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಕುಣಿ ತೋಡಿದ್ದರು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಅವ್ವನನ್ನು ಇಳಿಸಿದ ಮೇಲೆ ಮುದುಕಪ್ಪ ದೊಡ್ಡಣ್ಣನನ್ನು ಮುಂದೆ ಕರೆದ. ಮೊದಲ ಮಣ್ಣು ಹಿರಿಯ ಮಗನದು. ನಾನು ಒಂದು ಹೆಜ್ಜೆ ಮುಂದೆ ಬಂದೆ. ಗಂಡ ಸತ್ತವಳು ಕುಣಿಯ ಮುಂದೆ ನಿಲ್ಲಬಾರದು, ಹಿಂದೆ ಸರಿ ಎಂದು ಮುದುಕಪ್ಪ ಎಲ್ಲರ ಎದುರಿಗೆ ಹೇಳಿದ. ಹೆಂಗಸರು ನನ್ನ ಸೆರಗು ಹಿಡಿದು ಎಳೆದರು.

ಅಣ್ಣ ಸಲಿಕೆ ಹಿಡಿದು ನಿಂತಿದ್ದ. ಅವ್ವನ ಕಡೆ ನೋಡಿದ, ನನ್ನ ಕಡೆ ನೋಡಿದ. ಸಲಿಕೆಯನ್ನು ನೆಲಕ್ಕೆ ಇಟ್ಟ.

“ಪಾಳಿ ಆಕಿದು,” ಎಂದ. “ಅವ್ವಗ ಆಕಿನೇ ಮಣ್ಣು ಹಾಕ್ಲಿ.”

ಪಂಪಣ್ಣ ದಾರಿ ಬಿಟ್ಟ. ನಾನು ಬಗ್ಗಿ ಮಣ್ಣು ತೆಗೆದುಕೊಳ್ಳುವಾಗ ಅಣ್ಣ ನನ್ನ ರಟ್ಟೆ ಹಿಡಿದುಕೊಂಡ. ಒಂದು ಹಿಡಿ, ಎರಡು ಹಿಡಿ, ಮೂರು ಹಿಡಿ. ಕರಿಮಣ್ಣು, ಇನ್ನೂ ಹಸಿಯಾಗಿತ್ತು.

೪ ಜನವರಿ ೧೯೯೪, ಮಂಗಳವಾರ

ದಿನದ ಕಾರ್ಯಕ್ಕೆ ಸಾಮಾನು ಕಟ್ಟುತ್ತಿದ್ದೇನೆ. ಅಣ್ಣ ಜೋಳ, ಬೇಳೆ ತಾನು ಕೊಡುತ್ತೇನೆ ಎಂದ. ಬೇಡ, ನನ್ನ ಪಾಳಿ ಎಂದೆ. ಅವನು ಒಪ್ಪಿದ.

ವರದಿಯ ನಾಲ್ಕನೆಯ ಅಧ್ಯಾಯವನ್ನು ಸಮಿತಿಗೆ ನೇರವಾಗಿ ಅಂಚೆಗೆ ಹಾಕಿದೆ. ಓದುತ್ತಾರೋ ಇಲ್ಲವೋ ತಿಳಿಯದು.

ಸಂಜೆ ಶೇಖರಮ್ಮ ಬಂದು ಕಪಾಟು ನೋಡಿದಳು. ಸತ್ತವರ ಸೀರೆ ಹೀಗೆ ಇಟ್ಟುಕೊಳ್ಳಬಾರದು ಟೀಚರಮ್ಮ, ಕೌದಿಯಲ್ಲಿ ಕಟ್ಟಿ ಕೊಡಿ, ಯಾರಿಗಾದರೂ ದಾನ ಮಾಡಿಸುತ್ತೇನೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಮಾರ್ಗಶಿರ ಮುಗಿದು ಎಳ್ಳಮಾವಾಸ್ಯೆ ಆಗಲಿ, ಅಲ್ಲಿಯವರೆಗೆ ಅರೆಯಲ್ಲೇ ಇರಲಿ ಎಂದೆ.

ನನ್ನ ತಿಂಗಳು ಇನ್ನೂ ಮುಗಿದಿಲ್ಲ.